ಒಂಬತ್ತಕ್ಕೆ ಒಂದು ಸೇರಿಸಿದಾಗ

ಲೆಕ್ಕ ಮಾಡುವ ಯಂತ್ರಗಳ ಚರಿತ್ರೆಯಲ್ಲಿ ಜಾಣರ ನಿದ್ದೆಗೆಡಿಸಿದ ಸಮಸ್ಯೆ ದಶಕದ್ದು. ಏಳಕ್ಕೆ ಐದು ಕೂಡಿಸಿದರೆ ಹನ್ನೆರಡು. ಎರಡನ್ನು ಬರೆದು, ಉಳಿದ ಒಂದು ದಶಕವನ್ನು ಎಡಗಡೆಯ ಸ್ಥಾನಕ್ಕೆ ಒಯ್ಯಬೇಕು. ಎರಡನೇ ತರಗತಿಯ ಮಗು 'ಕೈಯಲ್ಲಿ ಒಂದು' ಎಂದು ಬೆರಳು ಮಡಚಿ ಇದನ್ನು ಮುಗಿಸುತ್ತದೆ. ಹಿತ್ತಾಳೆಯ ಚಕ್ರಕ್ಕೆ ಮಡಚಲು ಬೆರಳಿಲ್ಲ. ಚಕ್ರವನ್ನು ತಿರುಗಿಸಿ ಎಣಿಸುವುದು ಸುಲಭ. ಒಂಬತ್ತು ದಾಟಿ ಸೊನ್ನೆಗೆ ಬರುವ ಕ್ಷಣದಲ್ಲಿ ಪಕ್ಕದ ಚಕ್ರವನ್ನು ಸರಿಯಾಗಿ ಒಂದೇ ಮನೆ ಮುಂದೆ ತಳ್ಳುವಂತೆ ಮಾಡುವುದು ಕಷ್ಟ. ಈ ಕಷ್ಟವನ್ನು ಒಬ್ಬೊಬ್ಬರು ಹೇಗೆ ಬಿಡಿಸಿದರು ಎಂದು ನೋಡುತ್ತ ಹೋದರೆ ಕಂಪ್ಯೂಟರಿನ ಪೂರ್ವಚರಿತ್ರೆಯ ಬಹುಭಾಗ ಕಣ್ಣಿಗೆ ಬೀಳುತ್ತದೆ.

ಎಣಿಕೆಗೆ ಬಳಕೆಯಾದ ಹಳೆಯ ಸಾಧನಗಳಲ್ಲಿ ಒಂದು ಹರಳು. ಲ್ಯಾಟಿನ್ನಿನಲ್ಲಿ ಸಣ್ಣ ಹರಳಿಗೆ 'ಕ್ಯಾಲ್ಕ್ಯುಲಸ್' ಎಂದು ಹೆಸರು. ಕ್ಯಾಲ್ಕ್ಯುಲೇಟರ್ ಎಂಬ ಮಾತಿನ ಬೇರು ಅಲ್ಲಿದೆ. ಗ್ರೀಸಿನ ಸಲಾಮಿಸ್ ದ್ವೀಪದಲ್ಲಿ 1846ರಲ್ಲಿ ಸಿಕ್ಕ ಅಮೃತಶಿಲೆಯ ಎಣಿಕೆ ಹಲಗೆ ಸುಮಾರು ಒಂದೂವರೆ ಮೀಟರ್ ಉದ್ದವಿದೆ. ಅದರ ಮೇಲೆ ಕೊರೆದ ಗೆರೆಗಳ ಮೇಲೂ ನಡುವೆಯೂ ಹರಳನ್ನಿಟ್ಟು, ಜರುಗಿಸಿ ಲೆಕ್ಕ ಮಾಡುತ್ತಿದ್ದರು. ಹರಳು ಮಣಿಯಾಗಿ, ಗೆರೆ ಕಂಬಿಯಾಗಿ ಮಣಿಚೌಕಟ್ಟು ಬಂತು. ಚೀನಾದ ಸುವಾನ್‌ಪಾನ್, ಜಪಾನಿನ ಸೊರೊಬಾನ್, ರಷ್ಯಾದ ಷೋಟಿ ಎಲ್ಲವೂ ಒಂದೇ ಮನೆತನದವು.

ಸೊರೊಬಾನಿನ ಪ್ರತಿ ಕಂಬಿಯಲ್ಲಿ ಅಡ್ಡಪಟ್ಟಿಯ ಮೇಲೆ ಐದರ ಬೆಲೆಯ ಒಂದು ಮಣಿ, ಕೆಳಗೆ ಒಂದರ ಬೆಲೆಯ ನಾಲ್ಕು ಮಣಿ ಇರುತ್ತವೆ. ಏಳು ಎಂದರೆ ಮೇಲಿನ ಒಂದು, ಕೆಳಗಿನ ಎರಡು. ಅದಕ್ಕೆ ಐದು ಸೇರಿಸುವವರು ಮೇಲಿನ ಐದರ ಮಣಿಯನ್ನು ತೆಗೆದು, ಎಡಗಡೆಯ ಕಂಬಿಯಲ್ಲಿ ಒಂದು ಮಣಿಯನ್ನು ಏರಿಸುತ್ತಾರೆ. ದಶಕ ದಾಟಿತು. ದಾಟಿಸಿದ್ದು ಮಾತ್ರ ಬೆರಳು. ಚೌಕಟ್ಟಿನ ಪಾಲು ಅದರಲ್ಲಿ ಏನೂ ಇಲ್ಲ. ಹಾಗಿದ್ದೂ ಪಳಗಿದ ಬೆರಳನ್ನು ಹಗುರವಾಗಿ ಎಣಿಸುವಂತಿಲ್ಲ. 1946ರ ನವೆಂಬರಿನಲ್ಲಿ ಟೋಕಿಯೋದಲ್ಲಿ ಒಂದು ಪಂದ್ಯ ನಡೆಯಿತು: ಒಂದು ಕಡೆ ವಿದ್ಯುತ್ ಲೆಕ್ಕಯಂತ್ರ ಹಿಡಿದ ಅಮೆರಿಕದ ಸೈನಿಕ ಥಾಮಸ್ ವುಡ್, ಇನ್ನೊಂದು ಕಡೆ ಸೊರೊಬಾನ್ ಹಿಡಿದ ಕಿಯೋಷಿ ಮಾತ್ಸುಜಾಕಿ. ಸೊರೊಬಾನ್ 4–1ರಿಂದ ಗೆದ್ದಿತು. ಯಂತ್ರಕ್ಕೆ ದಕ್ಕಿದ್ದು ಗುಣಾಕಾರ ಒಂದೇ.

ಅಂಕಿಯ ಬೆಲೆಯನ್ನು ಅದು ಕೂತ ಜಾಗ ನಿರ್ಧರಿಸುತ್ತದೆ ಎಂಬ ಸ್ಥಾನಬೆಲೆಯ ಬರವಣಿಗೆ ಭಾರತದಿಂದ ಅರಬರ ಮೂಲಕ ಯುರೋಪಿಗೆ ಹೋಯಿತು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆಯುವ ಹೊತ್ತಿಗೆ ನಮ್ಮಲ್ಲಿ ಅದು ಬೇರೂರಿ ಬಹಳ ಕಾಲವಾಗಿತ್ತು. ಇಟಲಿಯ ಫಿಬೊನಾಚಿ ಈ ಅಂಕಿಗಳನ್ನು ಕುರಿತು ಪುಸ್ತಕ ಬರೆದದ್ದು 1202ರಲ್ಲಿ. ಒಂದು ಸ್ಥಾನಕ್ಕೆ ಒಂದು ಚಕ್ರ, ಚಕ್ರದ ಮೇಲೆ ಸೊನ್ನೆಯಿಂದ ಒಂಬತ್ತು ಎಂಬ ಯೋಚನೆ ಹೊಳೆಯಲು ಈ ಬರವಣಿಗೆ ರೂಢಿಯಾಗಬೇಕಿತ್ತು.

ದಶಕದ ಗೊಡವೆಯೇ ಬೇಡವೆಂದು ಬೇರೆ ದಾರಿ ಹಿಡಿದವರೂ ಇದ್ದರು. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಪ್ರಕಟಿಸಿದ. ಗುಣಾಕಾರವನ್ನು ಕೂಡುವಿಕೆಗೆ, ಭಾಗಾಕಾರವನ್ನು ಕಳೆಯುವಿಕೆಗೆ ಇಳಿಸುವ ಉಪಾಯ ಅದು. ಲಾಗರಿದಮ್ಮಿನ ಅಳತೆಯಲ್ಲಿ ಗೆರೆ ಹಾಕಿದ ಎರಡು ಪಟ್ಟಿಗಳನ್ನು ಒಂದರ ಪಕ್ಕ ಒಂದು ಜಾರಿಸಿದರೆ ಉದ್ದಗಳು ಕೂಡಿ ಗುಣಲಬ್ಧ ಸಿಗುತ್ತದೆ. ವಿಲಿಯಂ ಆಟ್ರೆಡ್ 1620ರ ಆಸುಪಾಸಿನಲ್ಲಿ ಮಾಡಿದ ಈ ಸ್ಲೈಡ್ ರೂಲ್ ಮೂರೂವರೆ ಶತಮಾನ ಎಂಜಿನಿಯರುಗಳ ಜೇಬಿನಲ್ಲಿತ್ತು. ಉದ್ದಕ್ಕೆ ಅಂಕಿಯಿಲ್ಲ, ಆದ್ದರಿಂದ ದಶಕವೂ ಇಲ್ಲ. ಆದರೆ ಉತ್ತರ ಮೂರು ಅಂಕಿಯಷ್ಟೇ ನಿಖರ, ದಶಾಂಶ ಬಿಂದು ಎಲ್ಲಿ ಬೀಳುತ್ತದೆಂದು ತಲೆಯಲ್ಲೇ ಅಂದಾಜು ಮಾಡಬೇಕು. ಸೇತುವೆ ಕಟ್ಟಲು ಅಷ್ಟು ಸಾಕು, ತೆರಿಗೆಯ ಲೆಕ್ಕಕ್ಕೆ ಸಾಲದು.

ಅಂಕಿಗಳನ್ನೇ ಚಕ್ರಕ್ಕೆ ಏರಿಸಿದವರಲ್ಲಿ ಮೊದಲಿಗ ಜರ್ಮನಿಯ ಟ್ಯೂಬಿಂಗೆನ್ನಿನ ಪ್ರಾಧ್ಯಾಪಕ ವಿಲ್ಹೆಲ್ಮ್ ಷಿಕಾರ್ಡ್. 1623ರಲ್ಲಿ ಖಗೋಳಜ್ಞ ಕೆಪ್ಲರನಿಗೆ ಬರೆದ ಪತ್ರದಲ್ಲಿ ಆರು ಅಂಕಿಯ ಯಂತ್ರವೊಂದನ್ನು ಅವನು ವಿವರಿಸಿದ್ದಾನೆ. ಮರುವರ್ಷ ಬರೆದ ಇನ್ನೊಂದು ಪತ್ರದಲ್ಲಿ, ಕೆಪ್ಲರನಿಗಾಗಿ ತಯಾರಾಗುತ್ತಿದ್ದ ಯಂತ್ರ ಬೆಂಕಿಯಲ್ಲಿ ಸುಟ್ಟುಹೋದ ಸುದ್ದಿಯಿದೆ. ಇಪ್ಪತ್ತನೆಯ ಶತಮಾನದಲ್ಲಿ ಆ ಪತ್ರಗಳು ಬೆಳಕಿಗೆ ಬರುವವರೆಗೆ ಈ ಗೌರವ ಪ್ಯಾಸ್ಕಲನ ಹೆಸರಿನಲ್ಲಿತ್ತು. ಷಿಕಾರ್ಡನ ಚಕ್ರ ಒಂದು ಸುತ್ತು ಮುಗಿಸಿದಾಗ ಅದರ ಒಂಟಿ ಹಲ್ಲು ಪಕ್ಕದ ಚಕ್ರವನ್ನು ಒಂದು ಮನೆ ತಳ್ಳುತ್ತಿತ್ತು. ಕಾಗದದ ಮೇಲೆ ಇದು ಚೊಕ್ಕಟ. ಆದರೆ 999999ಕ್ಕೆ 1 ಸೇರಿಸುವಾಗ ಮೊದಲ ಚಕ್ರ ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಹೀಗೆ ಆರೂ ಚಕ್ರಗಳ ಭಾರ ಒಂದೇ ಬೆರಳ ಮೇಲೆ ಬೀಳುತ್ತದೆ. ಸ್ಥಾನಗಳು ಹೆಚ್ಚಿದಂತೆ ಚಕ್ರ ತಿರುಗುವುದಕ್ಕಿಂತ ಹಲ್ಲು ಮುರಿಯುವುದೇ ಸಲೀಸು.

ಬ್ಲೇಸ್ ಪ್ಯಾಸ್ಕಲ್ ಈ ಗಂಟನ್ನು ಬಿಚ್ಚಲು ಕೂತಾಗ ಅವನಿಗೆ 19 ವರ್ಷ. ಫ್ರಾನ್ಸಿನ ರೂವಾಂ ಪಟ್ಟಣದಲ್ಲಿ ತೆರಿಗೆ ಅಧಿಕಾರಿಯಾಗಿದ್ದ ತಂದೆ ರಾತ್ರಿಯೆಲ್ಲ ಲೆಕ್ಕದಲ್ಲಿ ಮುಳುಗಿರುತ್ತಿದ್ದ. ಅದೂ ಸರಳ ಲೆಕ್ಕವಲ್ಲ: 12 ದೆನಿಯೇಗೆ ಒಂದು ಸೋಲ್, 20 ಸೋಲಿಗೆ ಒಂದು ಲಿವ್ರ್. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕವನ್ನು 1957ರವರೆಗೆ ಬರೆದ ನಮ್ಮ ಹಿರಿಯರಿಗೆ ಆ ಸಂಕಟ ಹೇಳಿ ತಿಳಿಸಬೇಕಿಲ್ಲ. 1642ರಲ್ಲಿ ಕೆಲಸ ಶುರುವಾಯಿತು. ಹತ್ತಾರು ಮಾದರಿಗಳನ್ನು ಮಾಡಿ ಬಿಟ್ಟ ಮೇಲೆ 1645ರಲ್ಲಿ ಯಂತ್ರ ಹೊರಬಂತು.

ಪ್ಯಾಸ್ಕಲನ ಜಾಣತನ ಇದ್ದದ್ದು ಒಂದು ಸಣ್ಣ ಸನ್ನೆಯಲ್ಲಿ. ಬಿಡಿ ಸ್ಥಾನದ ಚಕ್ರ ಸೊನ್ನೆಯಿಂದ ಒಂಬತ್ತಕ್ಕೆ ಸಾಗುವಾಗ ತೂಕವಿರುವ ಸನ್ನೆಯೊಂದನ್ನು ಸ್ವಲ್ಪಸ್ವಲ್ಪವಾಗಿ ಮೇಲೆತ್ತುತ್ತದೆ. ಒಂಬತ್ತು ದಾಟಿ ಸೊನ್ನೆಗೆ ಬಂದ ಕ್ಷಣ ಸನ್ನೆಯ ಆಸರೆ ತಪ್ಪುತ್ತದೆ. ಅದು ತನ್ನ ಭಾರಕ್ಕೆ ತಾನೇ ಕೆಳಗೆ ಬಿದ್ದು, ಬೀಳುವ ರಭಸದಲ್ಲಿ ಹತ್ತರ ಚಕ್ರವನ್ನು ಒಂದು ಮನೆ ಒದೆಯುತ್ತದೆ. ದಶಕ ಒಯ್ಯುವ ಬಲ ಬಳಸುವವರ ಬೆರಳಿನಿಂದ ಆ ಕ್ಷಣದಲ್ಲಿ ಬರುವುದಲ್ಲ. ಮುಂಚೆಯೇ ಎತ್ತಿಟ್ಟ ತೂಕದಿಂದ ಬರುವುದು. ಪ್ರತಿ ಸ್ಥಾನಕ್ಕೂ ಅದರದೇ ಸನ್ನೆ ಇರುವುದರಿಂದ ಎಂಟು ಒಂಬತ್ತುಗಳು ಸಾಲಾಗಿ ನಿಂತಿದ್ದರೂ ಚಕ್ರ ಹಗುರವಾಗಿ ತಿರುಗುತ್ತದೆ.

ಒಂದು ತೊಡಕು ಉಳಿಯಿತು. ಬೀಳುವ ಸನ್ನೆ ಒಂದೇ ದಿಕ್ಕಿಗೆ ಒದೆಯುತ್ತದೆ, ಚಕ್ರಗಳನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ಹಾಗಾದರೆ ಕಳೆಯುವುದು ಹೇಗೆ? 742ರಿಂದ 318 ಕಳೆಯಬೇಕೆನ್ನಿ. 742ರ ಪ್ರತಿ ಅಂಕಿಯನ್ನೂ ಒಂಬತ್ತರಿಂದ ಕಳೆದರೆ 257. ಅದಕ್ಕೆ 318 ಕೂಡಿಸಿದರೆ 575. ಇದರ ಪ್ರತಿ ಅಂಕಿಯನ್ನೂ ಮತ್ತೆ ಒಂಬತ್ತರಿಂದ ಕಳೆದರೆ 424, ಅದೇ ಉತ್ತರ. ಒಂಬತ್ತರಿಂದ ಕಳೆದ ಅಂಕಿಗಳನ್ನು ಪ್ಯಾಸ್ಕಲ್ ಅಂಕಿ ತೋರಿಸುವ ಉರುಳೆಗಳ ಮೇಲೆ ಇನ್ನೊಂದು ಸಾಲಾಗಿ ಬರೆಸಿದ್ದ. ಒಂದು ಪಟ್ಟಿಯನ್ನು ಸರಿಸಿದರೆ ಕಿಂಡಿಯಲ್ಲಿ ಆ ಸಾಲು ಕಾಣುತ್ತಿತ್ತು. ಕಳೆಯುವುದನ್ನು ಕೂಡಿಸುವುದಾಗಿ ಬದಲಿಸುವ ಈ ಉಪಾಯ ಇಂದಿನ ಕಂಪ್ಯೂಟರುಗಳಲ್ಲೂ ಬೇರೆ ವೇಷದಲ್ಲಿ ನಡೆಯುತ್ತಿದೆ.

ಗುಣಾಕಾರಕ್ಕೆ ಕೈ ಹಾಕಿದವನು ಜರ್ಮನಿಯ ಲೈಬ್ನಿಟ್ಸ್. ಒಂದಕ್ಕಿಂತ ಒಂದು ಉದ್ದವಾದ ಒಂಬತ್ತು ಹಲ್ಲುಗಳ ಉರುಳೆಯನ್ನು ಕಲ್ಪಿಸಿ, ಹಿಡಿಕೆ ಒಂದು ಸುತ್ತು ತಿರುಗಿದರೆ ಇಡೀ ಸಂಖ್ಯೆ ಒಮ್ಮೆ ಕೂಡುವಂತೆ ಮಾಡಿದ. ಏಳರಿಂದ ಗುಣಿಸಬೇಕೆಂದರೆ ಏಳು ಸುತ್ತು. 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮರದ ಮಾದರಿಯನ್ನು ತೋರಿಸಿದ. ಆದರೆ ದಶಕ ಅವನ ಕೈಗೂ ಪೂರ್ತಿ ಸಿಗಲಿಲ್ಲ. ಸಾಲಾಗಿ ಒಂಬತ್ತುಗಳಿದ್ದರೆ ದಶಕ ನಡುವೆ ನಿಂತುಬಿಡುತ್ತಿತ್ತು. ಹಾಗೆ ನಿಂತದ್ದನ್ನು ತೋರಿಸಲು ಐದು ಮೂಲೆಯ ಬಿಲ್ಲೆಗಳಿದ್ದವು, ಅವನ್ನು ಕೈಯಿಂದ ತಳ್ಳಬೇಕಿತ್ತು. ಅಂಥ ಒಂದು ಯಂತ್ರ 1879ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯದ ಅಟ್ಟದಲ್ಲಿ ಸಿಕ್ಕಿತು, ಸೋರುವ ಮಾಡು ದುರಸ್ತಿಗೆ ಬಂದವರ ಕಣ್ಣಿಗೆ ಬಿದ್ದು. ಉರುಳೆಯ ಯೋಚನೆ ಮಾತ್ರ ಉಳಿದು ಬಾಳಿತು. ಫ್ರಾನ್ಸಿನ ಥಾಮಸ್ ದ ಕೊಲ್ಮಾರ್ 1820ರಲ್ಲಿ ಪೇಟೆಂಟ್ ಪಡೆದ ಅರಿತ್ಮೋಮೀಟರ್ ಅದೇ ಉರುಳೆಯ ಮೇಲೆ ನಿಂತು, ಶತಮಾನದ ಮಧ್ಯದಿಂದ ವಿಮಾ ಕಂಪನಿಗಳ, ಸರ್ಕಾರಿ ಕಚೇರಿಗಳ ಮೇಜು ಸೇರಿತು. ಈ ವಂಶದ ಕೊನೆಯ ಕುಡಿ ಅಂಗೈಯಲ್ಲಿ ಕೂರುವ ಕುರ್ಟಾ. ಅದರ ನಕ್ಷೆಯನ್ನು ಕುರ್ಟ್ ಹೆರ್ಟ್ಸ್‌ಟಾರ್ಕ್ ಪೂರ್ಣಗೊಳಿಸಿದ್ದು ಬುಖೆನ್‌ವಾಲ್ಡ್ ನಾಜಿ ಶಿಬಿರದಲ್ಲಿ ಕೈದಿಯಾಗಿದ್ದಾಗ. 1948ರಿಂದ ಸುಮಾರು 1,40,000 ಕುರ್ಟಾಗಳು ತಯಾರಾದವು.

ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಂದೆ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ಯಾಬೇಜ್ ಕೇಳಿದ ಪ್ರಶ್ನೆ ಬೇರೆ ತೂಕದ್ದು. 1821ರಲ್ಲಿ ಗೆಳೆಯ ಜಾನ್ ಹರ್ಷೆಲ್ ಜೊತೆ ಖಗೋಳದ ಕೋಷ್ಟಕಗಳನ್ನು ತಾಳೆ ನೋಡುವಾಗ ಪುಟಪುಟದಲ್ಲೂ ತಪ್ಪು. ಇದನ್ನೆಲ್ಲ ಆವಿಯಂತ್ರ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನು ಬೇಸತ್ತು ನುಡಿದ. ಕೋಷ್ಟಕಗಳನ್ನು ಬರೀ ಕೂಡುವಿಕೆಯಿಂದ ಕಟ್ಟಬಹುದೆಂಬುದು ಅವನ ಯಂತ್ರದ ತಳಹದಿ. 1, 4, 9, 16, 25 ಎಂಬ ವರ್ಗಗಳ ನಡುವಿನ ವ್ಯತ್ಯಾಸ 3, 5, 7, 9. ಈ ವ್ಯತ್ಯಾಸಗಳ ನಡುವಿನ ವ್ಯತ್ಯಾಸ ಯಾವಾಗಲೂ 2. ಮುಂದಿನ ವರ್ಗ ಬೇಕಿದ್ದರೆ 9ಕ್ಕೆ 2 ಕೂಡಿಸಿ 11, ಅದನ್ನು 25ಕ್ಕೆ ಕೂಡಿಸಿ 36. ಗುಣಾಕಾರದ ಸುಳಿವೇ ಇಲ್ಲ. ಆದ್ದರಿಂದ ಆ ಯಂತ್ರಕ್ಕೆ 'ಡಿಫರೆನ್ಸ್ ಎಂಜಿನ್' ಎಂದು ಹೆಸರು.

ಬ್ರಿಟಿಷ್ ಸರ್ಕಾರ ಸುಮಾರು 17,000 ಪೌಂಡ್ ಸುರಿಯಿತು. 25,000 ಬಿಡಿಭಾಗಗಳ ಯಂತ್ರ ಮುಗಿಯಲಿಲ್ಲ. ಕುಶಲಕರ್ಮಿ ಜೋಸೆಫ್ ಕ್ಲೆಮೆಂಟ್ ಜೊತೆ ಹಣದ ವಿಚಾರಕ್ಕೆ ಜಗಳವಾಗಿ 1833ರಲ್ಲಿ ಕೆಲಸ ನಿಂತಿತು. ಬ್ಯಾಬೇಜನ ನಕ್ಷೆಯೇ ಅಸಾಧ್ಯವಾಗಿತ್ತೆಂದು ಬಹುಕಾಲ ನಂಬಲಾಗಿತ್ತು. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಅವನ ಎರಡನೆಯ ಡಿಫರೆನ್ಸ್ ಎಂಜಿನ್ನಿನ ಲೆಕ್ಕದ ಭಾಗವನ್ನು, 1840ರ ದಶಕದ ಅದೇ ನಕ್ಷೆ ಹಿಡಿದು, 1991ರಲ್ಲಿ ಕಟ್ಟಿ ಓಡಿಸಿತು. 31 ಅಂಕಿಗಳ ಉತ್ತರ ತಪ್ಪಿಲ್ಲದೆ ಬಂತು. ನೋಡುವವರ ಕಣ್ಣು ನಿಲ್ಲುವುದು ಅದರ ಹಿಂಬದಿಯಲ್ಲಿ. ಚಕ್ರವೊಂದು ಒಂಬತ್ತು ದಾಟಿದಾಗ ತಕ್ಷಣ ದಶಕ ಹೋಗುವುದಿಲ್ಲ, ಒಂದು ಕೊಂಡಿ ಮಾತ್ರ ಜರುಗಿ 'ಇಲ್ಲೊಂದು ಬಾಕಿ ಇದೆ' ಎಂದು ಗುರುತಿಡುತ್ತದೆ. ಕೂಡುವುದು ಮುಗಿದ ಮೇಲೆ, ಕಂಬದ ಸುತ್ತ ಸುರುಳಿ ಮೆಟ್ಟಿಲಿನಂತೆ ಜೋಡಿಸಿದ ತೋಳುಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಸಾಗಿ, ಗುರುತು ಕಂಡಲ್ಲಿ ಮೇಲಿನ ಚಕ್ರವನ್ನು ತಟ್ಟುತ್ತವೆ. ಹಿಡಿಕೆ ತಿರುಗಿದಂತೆಲ್ಲ ಗದ್ದೆಯ ಮೇಲೆ ಗಾಳಿ ಹಾದಂತೆ ಅಲೆಯೊಂದು ಏರುತ್ತದೆ.

1834ರಿಂದ ಅವನು ಕಲ್ಪಿಸಿದ ಅನಲಿಟಿಕಲ್ ಎಂಜಿನ್ನಿಗೆ ಈ ನಿಧಾನ ಒಗ್ಗಲಿಲ್ಲ. ಐವತ್ತು ಅಂಕಿಯ ಎರಡು ಸಂಖ್ಯೆಗಳ ಎಲ್ಲ ಸ್ಥಾನಗಳನ್ನೂ ಒಟ್ಟಿಗೆ ಕೂಡಿದರೆ ಒಂಬತ್ತು ಹೆಜ್ಜೆಯೊಳಗೆ ಮುಗಿಯುತ್ತದೆ. ದಶಕ ಸ್ಥಾನದಿಂದ ಸ್ಥಾನಕ್ಕೆ ನಡೆಯುತ್ತ ಹೋದರೆ ಇನ್ನೂ ನಲವತ್ತೊಂಬತ್ತು ಹೆಜ್ಜೆ ಬೇಕು. ಊಟಕ್ಕಿಂತ ಉಪ್ಪಿನಕಾಯಿಗೆ ಹೆಚ್ಚು ಹೊತ್ತು. ಬ್ಯಾಬೇಜ್ ವರ್ಷಗಟ್ಟಲೆ ತಿಣುಕಿ, ಎಲ್ಲೆಲ್ಲಿ ಒಂಬತ್ತು ನಿಂತಿದೆಯೆಂದು ಮೊದಲೇ ಕಂಡುಕೊಂಡು ಅಷ್ಟೂ ದಶಕಗಳನ್ನು ಒಂದೇ ಏಟಿಗೆ ದಾಟಿಸುವ ಜೋಡಣೆಯನ್ನು ರೂಪಿಸಿದ. ಯಂತ್ರಕ್ಕೆ ಮುಂದಾಲೋಚನೆ ಕಲಿಸಿದೆ ಎಂಬರ್ಥದಲ್ಲಿ ಆತ್ಮಕಥೆಯಲ್ಲಿ ಹೆಮ್ಮೆಪಟ್ಟುಕೊಂಡಿದ್ದಾನೆ. ಅವನ ಇಡೀ ಕೆಲಸದಲ್ಲಿ ಶುದ್ಧ ಪ್ರತಿಭೆಯ ತುಣುಕು ಯಾವುದೆಂದರೆ ಇದನ್ನೇ ಹೇಳಬೇಕು.

ಇದೇ ಯಂತ್ರದಲ್ಲಿ ಸಂಖ್ಯೆಗಳನ್ನು ಕೂಡಿಡುವ ಉಗ್ರಾಣ, ಅವನ್ನು ಅರೆಯುವ ಗಿರಣಿ ಬೇರೆಬೇರೆಯಾಗಿದ್ದವು. ಇಂದಿನ ಮೆಮೊರಿ, ಪ್ರೊಸೆಸರುಗಳ ವಿಭಜನೆ ಅದೇ. ಏನು ಮಾಡಬೇಕೆಂಬ ಆಜ್ಞೆ ಬರುತ್ತಿದ್ದುದು ತೂತು ಕೊರೆದ ರಟ್ಟುಗಳಿಂದ. ಅದನ್ನು ಬ್ಯಾಬೇಜ್ ತೆಗೆದುಕೊಂಡದ್ದು ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡನ ರೇಷ್ಮೆ ಮಗ್ಗದಿಂದ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಸೀರೆಯ ಅಂಚು, ಸೆರಗಿನ ಚಿತ್ತಾರಕ್ಕೆ ತೂಗುಬಿಟ್ಟ ರಟ್ಟಿನ ಮಾಲೆಯನ್ನು ಕಂಡವರು ಕಂಪ್ಯೂಟರ್ ಪ್ರೋಗ್ರಾಮಿನ ಮುತ್ತಜ್ಜನನ್ನು ಕಂಡಂತೆಯೇ. ಅನಲಿಟಿಕಲ್ ಎಂಜಿನ್ ಕುರಿತ ಫ್ರೆಂಚ್ ಲೇಖನವೊಂದನ್ನು 1843ರಲ್ಲಿ ಇಂಗ್ಲಿಷಿಗೆ ತಂದ ಏಡಾ ಲವ್‌ಲೇಸ್, ಮೂಲಕ್ಕಿಂತ ಉದ್ದವಾದ ಟಿಪ್ಪಣಿಗಳನ್ನು ಬರೆದು, ಬರ್ನೂಲಿ ಸಂಖ್ಯೆಗಳನ್ನು ಈ ಯಂತ್ರ ಹೇಗೆ ಕಂಡುಹಿಡಿಯಬಲ್ಲದೆಂದು ಹೆಜ್ಜೆಹೆಜ್ಜೆಯಾಗಿ ತೋರಿಸಿದಳು. ಯಂತ್ರ ಮಾತ್ರ ಕಾಗದದಲ್ಲೇ ಉಳಿಯಿತು. ತೂತಿನ ರಟ್ಟು ಲೆಕ್ಕದ ಕೆಲಸಕ್ಕೆ ನಿಜವಾಗಿ ಇಳಿದದ್ದು ಅಮೆರಿಕದ 1890ರ ಜನಗಣತಿಯಲ್ಲಿ, ಹರ್ಮನ್ ಹಾಲರಿತ್ ಕೈಯಲ್ಲಿ. ಅವನ ಕಂಪನಿಯೇ ಮುಂದೆ ಬೇರೆಯವುಗಳೊಂದಿಗೆ ಕೂಡಿ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

ಇಷ್ಟು ಕಾಲವೂ ಕಂಪ್ಯೂಟರ್ ಎಂದರೆ ಮನುಷ್ಯ. ಸಂಬಳಕ್ಕೆ ಲೆಕ್ಕ ಮಾಡುವ ನೌಕರನ ಹುದ್ದೆಯ ಹೆಸರು ಅದು. ರಾಧಾನಾಥ ಸಿಕ್ದಾರ್ 1831ರಲ್ಲಿ ಭಾರತದ ಮಹಾ ತ್ರಿಕೋನಮಿತಿ ಸರ್ವೆಗೆ ಸೇರಿದ್ದು ಕಂಪ್ಯೂಟರ್ ಆಗಿ. ಮುಂದೆ ಎವರೆಸ್ಟ್ ಎಂದು ಹೆಸರಾದ ಶಿಖರ ಎಲ್ಲಕ್ಕಿಂತ ಎತ್ತರವೆಂದು ತೋರಿದ್ದು ಅವರ ಲೆಕ್ಕದಿಂದ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದಾಗ ಜಗತ್ತು ಅವರನ್ನು 'ಮಾನವ ಕಂಪ್ಯೂಟರ್' ಎಂದು ಕೊಂಡಾಡಿತು. ಅಷ್ಟರಲ್ಲಿ ಆ ಪದದ ಹಳೆಯ ಅರ್ಥ ಮರೆತೇ ಹೋಗಿತ್ತು.

ದಶಕದ ಕಥೆಗೆ ಮರಳೋಣ. 1937ರ ಚಳಿಗಾಲದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಸ್ ಟೆಲಿಫೋನಿನ ಎರಡು ಹಳೆಯ ರಿಲೇಗಳನ್ನು, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್ಚುಗಳನ್ನು, ಮನೆಗೆ ತಂದ. ಅಡುಗೆಮನೆಯ ಮೇಜಿನ ಮೇಲೆ ಅವನ್ನು ಹಲಗೆಗೆ ಬಿಗಿದು, ತಂಬಾಕಿನ ಡಬ್ಬಿಯ ತಗಡನ್ನು ಕತ್ತರಿಸಿ ಎರಡು ಒತ್ತುಪಟ್ಟಿ ಮಾಡಿ, ಟಾರ್ಚಿನ ಬಲ್ಬು, ಬ್ಯಾಟರಿ ಸೇರಿಸಿದ. ಒಂದು ಪಟ್ಟಿ ಒತ್ತಿದರೆ ಒಂದು ಬಲ್ಬು ಹೊತ್ತುತ್ತದೆ. ಎರಡನ್ನೂ ಒತ್ತಿದರೆ ಅದು ಆರಿ, ಪಕ್ಕದ ಬಲ್ಬು ಹೊತ್ತುತ್ತದೆ. ದ್ವಿಮಾನದಲ್ಲಿ ಅಂಕಿಗಳು ಸೊನ್ನೆ, ಒಂದು ಎರಡೇ. ಒಂದು ಮತ್ತು ಒಂದು ಸೇರಿದರೆ ಬರೆಯುವುದು ಸೊನ್ನೆ, ಕೈಯಲ್ಲಿ ಒಂದು. (ಹತ್ತಕ್ಕಲ್ಲದೆ ಎರಡಕ್ಕೇ ದಾಟುವ ಇದನ್ನು ದಶಕ ಎನ್ನುವುದು ಸರಿಯಲ್ಲ, ಆದರೆ ಬೇರೆ ಹೆಸರು ರೂಢಿಯಲ್ಲಿಲ್ಲ.) ಮೂರು ಶತಮಾನ ಹಲ್ಲು, ಸನ್ನೆ, ಕೊಂಡಿಗಳನ್ನು ಕಾಡಿದ್ದು ಎರಡು ರಿಲೇಗೆ ಇಳಿಯಿತು. ಅಡುಗೆಮನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ಹಿಡಿದು ಅದನ್ನು 'ಮಾಡೆಲ್ ಕೆ' ಎಂದು ಕರೆದವಳು ಅವನ ಹೆಂಡತಿ.

ಸುಮಾರು ಅದೇ ಕಾಲಕ್ಕೆ ಬರ್ಲಿನ್ನಿನಲ್ಲಿ ಕೊನ್ರಾಡ್ ತ್ಸೂಸೆ ದ್ವಿಮಾನದ ಯಂತ್ರಗಳನ್ನು ಕಟ್ಟುತ್ತಿದ್ದ. 1941ರ ಮೇ ತಿಂಗಳಲ್ಲಿ ಓಡಿದ ಅವನ ಜ಼ಡ್3 ಪ್ರೋಗ್ರಾಮಿನಂತೆ ನಡೆಯುವ ಮೊದಲ ಪೂರ್ಣ ಯಂತ್ರ. ಬ್ಯಾಬೇಜನ ಕೆಲಸದ ಅರಿವಿಲ್ಲದೆಯೇ, ಎಲ್ಲ ಸ್ಥಾನಗಳ ದಶಕವನ್ನೂ ಒಂದೇ ಹೆಜ್ಜೆಗೆ ದಾಟಿಸುವ ಉಪಾಯವನ್ನು ಅವನೂ ಕಂಡುಕೊಂಡಿದ್ದ. ಯುದ್ಧದ ಬಾಂಬ್ ದಾಳಿಯಲ್ಲಿ ಯಂತ್ರ ನಾಶವಾಯಿತು.

1946ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಲೆಕ್ಕಯಂತ್ರ ತೂಕದಲ್ಲಿ 30 ಟನ್, ಒಳಗೆ ಸುಮಾರು 18,000 ವಾಲ್ವ್. ಸೆಕೆಂಡಿಗೆ 5,000 ಕೂಡುವಿಕೆ. ಹಳೆಯ ವಾಲ್ವ್ ರೇಡಿಯೋ ಕಾಯುತ್ತಿದ್ದುದನ್ನು ಬಲ್ಲವರು ಆ ಕೋಣೆಯ ಸೆಖೆಯನ್ನು ಊಹಿಸಿಕೊಳ್ಳಬಹುದು. ವಿಚಿತ್ರವೆಂದರೆ ಅದು ದ್ವಿಮಾನದ ಯಂತ್ರವಲ್ಲ. ಪ್ರತಿ ಅಂಕಿಗೂ ಉಂಗುರದಂತೆ ಜೋಡಿಸಿದ ಹತ್ತು ಎಲೆಕ್ಟ್ರಾನಿಕ್ ಮನೆಗಳು. ಮಿಡಿತ ಬಂದಾಗಲೆಲ್ಲ ಗುರುತು ಒಂದು ಮನೆ ಮುಂದೆ. ಒಂಬತ್ತು ದಾಟಿದರೆ ಪಕ್ಕದ ಉಂಗುರಕ್ಕೊಂದು ಮಿಡಿತ. ಪ್ಯಾಸ್ಕಲನ ಚಕ್ರವೇ ಹಿತ್ತಾಳೆ ಕಳಚಿ ವಿದ್ಯುತ್ತನ್ನು ಉಟ್ಟಂತೆ. ಅದಕ್ಕೆ ಪ್ರೋಗ್ರಾಂ ಹೆಣೆದವರು ಆರು ಹೆಂಗಸರು. ಅದಕ್ಕೂ ಮುನ್ನ ಅವರ ಹುದ್ದೆ, ಫಿರಂಗಿ ಗುಂಡಿನ ಹಾದಿಯನ್ನು ಲೆಕ್ಕ ಹಾಕುವ 'ಕಂಪ್ಯೂಟರ್'. ಪ್ರತಿ ಹೊಸ ಲೆಕ್ಕಕ್ಕೂ ಕೇಬಲ್ಲುಗಳನ್ನು ಕಿತ್ತು ಮತ್ತೆ ಜೋಡಿಸಬೇಕಿತ್ತು. ಆಜ್ಞೆಗಳನ್ನೂ ಮೆಮೊರಿಯಲ್ಲೇ ಇಟ್ಟರೆ ಈ ಪಾಡಿಲ್ಲ ಎಂಬುದು ಮುಂದಿನ ಹೆಜ್ಜೆ. 1948ರ ಜೂನ್ 21ರಂದು ಮ್ಯಾಂಚೆಸ್ಟರಿನ ಪುಟ್ಟ ಯಂತ್ರವೊಂದು ಹಾಗೆ ಓಡಿತು. ಬೇಬಿ ಎಂಬ ಅಡ್ಡಹೆಸರಿನ ಅದರ ಮೊದಲ ಪ್ರೋಗ್ರಾಮಿನಲ್ಲಿ 17 ಆಜ್ಞೆಗಳು. ಉತ್ತರಕ್ಕೆ ಹಿಡಿದದ್ದು 52 ನಿಮಿಷ.

ಆಮೇಲಿನದು ಕುಗ್ಗುವ ಕಥೆ. ವಾಲ್ವಿನ ಜಾಗಕ್ಕೆ ಟ್ರಾನ್ಸಿಸ್ಟರ್, ಅನೇಕ ಟ್ರಾನ್ಸಿಸ್ಟರುಗಳ ಜಾಗಕ್ಕೆ ಒಂದು ಚಿಪ್. 1969ರಲ್ಲಿ ಜಪಾನಿನ ಬ್ಯುಸಿಕಾಂ ಎಂಬ ಕಂಪನಿ ತನ್ನ ಮೇಜಿನ ಕ್ಯಾಲ್ಕ್ಯುಲೇಟರಿಗೆ ಚಿಪ್ ಬೇಕೆಂದು ಇಂಟೆಲ್ ಬಳಿ ಬಂತು. ಲೆಕ್ಕಕ್ಕೆ ಮಾತ್ರ ಮೀಸಲಾದ ಹಲವು ಚಿಪ್ಪುಗಳ ಬದಲು, ಆಜ್ಞೆ ಕೊಟ್ಟಂತೆ ನಡೆಯುವ ಒಂದು ಪ್ರೊಸೆಸರ್ ಚಿಪ್ ಮಾಡೋಣವೆಂದು ಇಂಟೆಲ್ಲಿನವರು ಯೋಚಿಸಿದರು. 1971ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ 4004 ಎಂಬ ಆ ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು. ಮರುವರ್ಷ ಎಚ್‌ಪಿ-35 ಎಂಬ ಜೇಬಿನ ಕ್ಯಾಲ್ಕ್ಯುಲೇಟರ್ ಬಂದು, ಕೆಲವೇ ವರ್ಷಗಳಲ್ಲಿ ಸ್ಲೈಡ್ ರೂಲ್ ಮೂಲೆ ಸೇರಿತು.

4004 ಒಮ್ಮೆಗೆ ನಾಲ್ಕು ಬಿಟ್ (ದ್ವಿಮಾನದ ಅಂಕಿ) ಹಿಡಿಯುತ್ತದೆ, ಅಂದರೆ ಸೊನ್ನೆಯಿಂದ ಹದಿನೈದರವರೆಗೆ ಎಣಿಸಿ ಹದಿನಾರಕ್ಕೆ ದಾಟುತ್ತದೆ. ಕ್ಯಾಲ್ಕ್ಯುಲೇಟರಿಗೆ ಬೇಕಾದದ್ದು ಹತ್ತಕ್ಕೆ ದಾಟುವುದು. ಅದಕ್ಕಾಗಿ ಚಿಪ್ಪಿನ 46 ಆಜ್ಞೆಗಳಲ್ಲಿ ಒಂದನ್ನು ಮೀಸಲಿಟ್ಟರು: ಮೊತ್ತ ಒಂಬತ್ತನ್ನು ಮೀರಿದ್ದರೆ ಅದಕ್ಕೆ ಇನ್ನೂ ಆರು ಕೂಡಿಸು. ಏಳು ಮತ್ತು ಐದು ಹನ್ನೆರಡು, ಮೇಲೆ ಆರು ಹದಿನೆಂಟು. ಹದಿನಾರು ದಾಟಿ ಹೋಗುತ್ತದೆ, ಎರಡು ಉಳಿಯುತ್ತದೆ, ಪಕ್ಕದ ಸ್ಥಾನಕ್ಕೆ ಒಂದು ದಶಕ.